ಗಂಟೆ ಕೇಳಿಸಿತ್ತು

ಚಪ್ಪಲಿಯನ್ನು ದಡದಲ್ಲೇ ಬಿಟ್ಟು ಹೋಗಬೇಕೋ, ಕೈಯಲ್ಲಿ ಹಿಡಿದುಕೊಂಡು ಹೋಗಬೇಕೋ ಎನ್ನುವಲ್ಲಿಂದಲೇ ನಮ್ಮ ಗೊಂದಲ ಶುರುವಾಯಿತು. ಅತ್ತೆ ನನ್ನ ಕಾಲು ನೋಡಿದರು. ನಾನು ಅವರ ಕಾಲು ನೋಡಿದೆ. ನಾನು ಬಿಟ್ಟರೆ ತಾವೂ ಬಿಡೋಣವೆಂದು ಅವರು, ಅವರು ಹಿಡಿದುಕೊಂಡರೆ ನಾನೂ ಹಿಡಿದುಕೊಳ್ಳೋಣವೆಂದು ನಾನು. ನಮ್ಮ ಜೊತೆ ಬಸ್ಸಿಳಿದವರೆಲ್ಲ ಆಗಲೇ ಒದ್ದೆ ಮರಳಿನ ಮೇಲೆ ಅರ್ಧ ದಾರಿ ಸಾಗಿದ್ದರು. ಕೊನೆಗೆ ಇಬ್ಬರೂ ಚಪ್ಪಲಿ ಹಾಕಿಕೊಂಡೇ ಇಳಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಎಡಗಾಲಿನದು ಕೆಸರಿನಲ್ಲಿ ಹೂತು ಕಿತ್ತುಹೋಯಿತು.

ಸಮುದ್ರ ಹಿಂದೆ ಸರಿದಾಗ ಮಾತ್ರ ಕಾಣುವ ದಾರಿ ಅದು. ದಡದಿಂದ ಒಂದು ಸಣ್ಣ ದ್ವೀಪಕ್ಕೆ, ಆ ದ್ವೀಪದ ನೆತ್ತಿಯ ಮೇಲೆ ಸುಣ್ಣ ಬಳಿದ ಪುಟ್ಟ ದೇವಸ್ಥಾನ. ಇಳಿತದಲ್ಲಿ ನಡೆದು ಹೋಗಿ ಉಬ್ಬರ ಏರುವ ಮೊದಲು ನಡೆದು ವಾಪಸು ಬರಬೇಕು. ನೀರು ತಿರುಗಿತೆಂದರೆ ಅರ್ಚಕರು ಗಂಟೆ ಹೊಡೆಯುತ್ತಾರೆ. ಗಂಟೆ ಕೇಳಿದ ಮೇಲೆ ದೇವರ ಹತ್ತಿರ ಎಷ್ಟೇ ಮುಖ್ಯವಾದ ಮಾತು ನಡೆಯುತ್ತಿದ್ದರೂ ಅರ್ಧಕ್ಕೇ ಬಿಟ್ಟು ಹೊರಡಬೇಕು, ಇಲ್ಲದಿದ್ದರೆ ಸಂಜೆಯ ಇಳಿತದ ತನಕ ಅಲ್ಲೇ ಗತಿ. ಬಸ್ ನಿಲ್ದಾಣದ ಹತ್ತಿರ ಚಹಾ ಕೊಟ್ಟವನು ಇಷ್ಟನ್ನೂ ನಮಗೆ ಎರಡೆರಡು ಸಲ ಹೇಳಿದ್ದ. ನಮ್ಮಿಬ್ಬರ ಮುಖ ನೋಡಿ ಅವನಿಗೆ ಏನನ್ನಿಸಿತೋ.

ನನಗಂತೂ ಈ ದೇವಸ್ಥಾನ ಬೇಕಿರಲಿಲ್ಲ. ಒಂದು ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ನಾನು ಮೇಲ್ವಿಚಾರಕಿ. ರಕ್ತ, ಕೀವು, ಔಷಧಿ ಬಿದ್ದ ಹಾಸುಗಳು, ಆಪರೇಷನ್ನಿನ ಹಸಿರು ಬಟ್ಟೆಗಳು, ಮಕ್ಕಳ ವಾರ್ಡಿನ ಸಣ್ಣ ದಿಂಬಿನ ಚೀಲಗಳು ನನ್ನ ಕಣ್ಣೆದುರು ದೊಡ್ಡ ಡ್ರಮ್ಮುಗಳಲ್ಲಿ ತಿರುಗಿ, ಒಣಗಿ, ಇಸ್ತ್ರಿಯಾಗಿ, ಮಡಿಸಿಕೊಂಡು ಮೇಲಿನ ಮಹಡಿಗಳಿಗೆ ಹೋಗುತ್ತವೆ. ವಾರವಿಡೀ ನೀರಿನ ಸದ್ದು ಕೇಳಿದವಳಿಗೆ ರಜೆಯ ದಿನ ಇನ್ನಷ್ಟು ನೀರು ತೋರಿಸಿದರೆ ಭಕ್ತಿ ಎಲ್ಲಿಂದ ಬರಬೇಕು? ನಾನು ಬಂದದ್ದು ಅತ್ತೆಗಾಗಿ. ಮರುದಿನ ಬೆಳಿಗ್ಗೆ ನನ್ನ ನಾದಿನಿ ಬಂದು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋಗುವವಳಿದ್ದಳು, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದೂರಕ್ಕೆ.

ನನ್ನ ಗಂಡ ಹೋಗಿ ವರ್ಷವಾಗಿತ್ತು. ಮಗನೇ ಇಲ್ಲದ ಮನೆಯಲ್ಲಿ ಅಮ್ಮ ಇನ್ನು ಸೊಸೆಗೆ ಭಾರವಾಗಿ ಯಾಕಿರಬೇಕು ಎನ್ನುವುದು ನಾದಿನಿಯ ಮಾತು. ಅವಳು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಅತ್ತೆ ಹೋಗುವುದು ಬೇಡವಾಗಿತ್ತು, ಸುತರಾಂ ಬೇಡವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಅವರು ಉಳಿದುಬಿಡುತ್ತಾರೆ. ಮನಸ್ಸಿಲ್ಲದಿದ್ದರೂ ಉಳಿದುಬಿಡುತ್ತಾರೆ. ಅಂಥ ಹೆಂಗಸು ಅವರು.

ಲೋಕದ ಅತ್ತೆ ಸೊಸೆಯರ ಕಥೆಯೇ ಬೇರೆ, ನಮ್ಮದೇ ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ನಮ್ಮಲ್ಲಿ ಇಬ್ಬರೂ ಎಳೆಯುವುದೇ ಇಲ್ಲ, ಗಾಡಿ ನಿಂತಲ್ಲೇ ನಿಂತಿರುತ್ತದೆ. ನಿನಗೆ ಹೇಗೆ ಬೇಕೋ ಹಾಗೆ ಎಂದು ಅವರು, ನಿಮಗೆ ಹೇಗೆ ಅನುಕೂಲವೋ ಹಾಗೆ ಎಂದು ನಾನು. ಕೆಲಸದ ಕಡೆ ನನ್ನ ಬಾಯಿಗೆ ಹೆದರದವರಿಲ್ಲ, ಹಿಂದಿನಿಂದ ನನ್ನನ್ನು ಬಾಯಿಬಡಕಿ ಎನ್ನುತ್ತಾರೆಂದೂ ಗೊತ್ತು. ಮನೆಯ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಮದುವೆಯ ಹೊಸತರಲ್ಲಿ, ಅತ್ತೆಗೆ ಸಿಹಿ ಇಷ್ಟವಿಲ್ಲವೇನೋ ಎಂದು ನಾನು ಚಹಾಕ್ಕೆ ಸಕ್ಕರೆ ಹಾಕುವುದು ಬಿಟ್ಟೆ. ಸೊಸೆಗೆ ಹೀಗೇ ಇಷ್ಟವಿರಬೇಕೆಂದು ಅವರು ಅದನ್ನೇ ಕುಡಿದರು. ಇಬ್ಬರೂ ವರ್ಷಗಟ್ಟಲೆ ಮುಖ ಹಿಂಡಿಕೊಂಡು ಕುಡಿದ ಮೇಲೆ ಒಂದು ದಿನ ನನ್ನ ಗಂಡ ಸಕ್ಕರೆ ಡಬ್ಬಿಯನ್ನು ತಂದು ನಮ್ಮಿಬ್ಬರ ನಡುವೆ ಕುಕ್ಕಿ, ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಬುದ್ಧಿ ಬೇಡವಾ ಎಂದು ಕೇಳಿದ.

ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆಯುವುದೇ ಅವನ ಕಸುಬು. ಮನೆಯಲ್ಲಿಯೂ ಅದನ್ನೇ ಮಾಡಿದ. ಅಮ್ಮನಿಗೆ ಸಿನಿಮಾ ಬೇಡ, ನಿನಗೂ ಬೇಡ, ನನಗೆ ನಿದ್ದೆ ಬರ್ತಿದೆ, ನಡೀರಿ ಮಲಗೋಣ ಎಂದುಬಿಡುತ್ತಿದ್ದ. ನಮ್ಮ ಮನಸ್ಸಿನಲ್ಲಿದ್ದದ್ದು ಅವನ ಬಾಯಿಂದ ಹೊರಬಿದ್ದಾಗಲೇ ನಮಗೂ ಗೊತ್ತಾಗುತ್ತಿತ್ತು. ಅವನು ಹೋದ ಮೇಲೆ ನಮ್ಮಿಬ್ಬರನ್ನು ಹೊರಗೆ ತೆಗೆಯುವವರು ಯಾರೂ ಉಳಿಯಲಿಲ್ಲ.

ಈ ಪ್ರಯಾಣಕ್ಕೆ ಕಾರಣ ಅಡುಗೆಮನೆಯ ಕ್ಯಾಲೆಂಡರು. ಸೋಪಿನ ಪುಡಿ ಪೂರೈಸುವವರು ನಮ್ಮ ವಿಭಾಗಕ್ಕೆ ಕೊಟ್ಟದ್ದು, ತಿಂಗಳಿಗೊಂದು ಚಿತ್ರ. ಕಳೆದ ವರ್ಷದ ಒಂದು ಹಾಳೆಯಲ್ಲಿ ಈ ದ್ವೀಪವಿತ್ತು. ಆ ಹಾಳೆ ಹಾಗೇ ನಿಂತುಬಿಟ್ಟಿತು. ಹೊಸ ವರ್ಷ ಬಂತು, ಹೊಸ ಕ್ಯಾಲೆಂಡರು ಸುರುಳಿ ಬಿಚ್ಚದೆ ಕಪಾಟಿನ ಮೇಲೆ ಬಿದ್ದಿತು, ಹಳೆಯದು ಮೊಳೆಯಿಂದ ಇಳಿಯಲಿಲ್ಲ. ಅತ್ತೆ ಪಾತ್ರೆ ತೊಳೆಯುತ್ತ ಅದನ್ನೇ ನೋಡುತ್ತಿರುತ್ತಿದ್ದರು. ಈ ಜಾಗದ ಮೇಲೆ ಇವರಿಗೆ ಎಷ್ಟು ಆಸೆಯಪ್ಪಾ ಎಂದುಕೊಂಡೆ. ನಾದಿನಿ ಬರುವ ದಿನ ಗೊತ್ತಾದ ಮೇಲೆ, ಹೋಗುವ ಮೊದಲು ಇದೊಂದನ್ನಾದರೂ ತೋರಿಸಿಬಿಡೋಣವೆಂದು ಕೇಳಿದೆ. ಅತ್ತೆಯ ಮುಖ ಒಂದು ಗಳಿಗೆ ಹೇಗೋ ಆಯಿತು. ಹೋಗೋಣ, ಅದಕ್ಕೇನಂತೆ ಎಂದರು. ಆ ಮುಖವನ್ನು ನಾನು ಸಂತೋಷವೆಂದು ತಿಳಿದುಕೊಂಡೆ.

ದಾರಿಯುದ್ದಕ್ಕೂ ಮರಳಿನ ಗುಂಡಿಗಳಲ್ಲಿ ಬೆಚ್ಚಗಿನ ನೀರು ನಿಂತಿತ್ತು. ಉಗುರಿನಷ್ಟು ಸಣ್ಣ ಏಡಿಗಳು ನಮ್ಮ ಸದ್ದಿಗೆ ತೂತು ಸೇರುತ್ತಿದ್ದವು. ಅತ್ತೆಗೆ ಮೊಣಕಾಲು ನೋವು, ನಡೆಯುವಾಗ ಬಲಕ್ಕೆ ವಾಲುತ್ತಾರೆ. ಅವರಿಗೆ ದಣಿವಾಗಿರಬೇಕೆಂದು ನಾನು ನಿಲ್ಲುತ್ತಿದ್ದೆ. ನಾನು ನಿಂತೆನೆಂದು, ನನಗೆ ದಣಿವಾಯಿತೇನೋ ಎಂದು ಅವರು ನಿಲ್ಲುತ್ತಿದ್ದರು. ಹೀಗೆ ನಿಂತು ನಿಂತು ನಡೆದದ್ದರಿಂದ ನಾವು ತಲುಪುವ ಹೊತ್ತಿಗೆ ಮೊದಲು ಹೋದವರು ತಿರುಗಿ ಬರುತ್ತಿದ್ದರು. ನನಗೆ ಏಡಿಯೂ ಕಾಣುತ್ತಿರಲಿಲ್ಲ, ದೇವಸ್ಥಾನವೂ ಕಾಣುತ್ತಿರಲಿಲ್ಲ. ಕೇಳಲೋ ಬೇಡವೋ, ಕೇಳಿದರೆ ಹೇಗೆ ಕೇಳಲಿ, ಕೇಳಿ ಉತ್ತರ ಬಂದರೆ ಅದು ಅವರದೋ ನನ್ನದೋ ಎಂದು ಹೇಗೆ ತಿಳಿಯಲಿ ಎಂದು ತಲೆ ಡ್ರಮ್ಮಿನ ಹಾಗೆ ತಿರುಗುತ್ತಿತ್ತು. ನಡುವೆ ಅತ್ತೆ ಏನೋ ಹೇಳಲು ಬಾಯಿ ತೆರೆದರು. ಏನತ್ತೆ ಎಂದೆ. ಏನಿಲ್ಲ, ಗಾಳಿ ಚೆನ್ನಾಗಿದೆ ಎಂದರು. ಗಾಳಿ ಇರಲೇ ಇಲ್ಲ.

ಗರ್ಭಗುಡಿಯೆಂದರೆ ಒಬ್ಬರು ಬಗ್ಗಿ ಒಳಹೋಗುವಷ್ಟು ಜಾಗ, ಒಳಗೆ ಉಪ್ಪುಗಾಳಿಗೆ ಮುಖವೆಲ್ಲ ಸವೆದ ಒಂದು ಕಲ್ಲು. ದಪ್ಪಗಿನ ಅರ್ಚಕರು, ಪಂಚೆಯನ್ನು ಮೊಣಕಾಲಿಗೆ ಕಟ್ಟಿಕೊಂಡು, ಫೋನಿನಲ್ಲಿ ಯಾರಿಗೋ ಬಾಗಿಲಿನ ಬಣ್ಣದ ವಿಚಾರ ಬೈಯುತ್ತಲೇ ನಮಗೆ ಮಂಗಳಾರತಿ ತೋರಿಸಿದರು. ಆಮೇಲೆ ನಾವು ಹೊರಗಿನ ಕಲ್ಲುಜಗಲಿಯ ಮೇಲೆ ಕೂತೆವು. ಅತ್ತೆ ಕಣ್ಣು ಮುಚ್ಚಿದರು. ಬೇಡಿಕೊಳ್ಳುತ್ತಿದ್ದಾರೆ, ಬೇಡಿಕೊಳ್ಳಲಿ ಎಂದು ನಾನು ಅಲ್ಲಾಡದೆ ಕೂತೆ.

ಗಂಟೆ ಹೊಡೆಯಿತು. ಸಣ್ಣ ಗಂಟೆಯೇನಲ್ಲ, ಹಲ್ಲು ಜುಮ್ಮೆನ್ನುವ ಗಂಟೆ. ಅರ್ಚಕರು ಸಾಕಷ್ಟು ಹೊತ್ತು ಹೊಡೆದರು. ಉಳಿದಿದ್ದ ನಾಲ್ಕಾರು ಜನ ಎದ್ದು ಬಟ್ಟೆ ಎತ್ತಿಕೊಂಡು ಇಳಿದರು. ನಾನು ಅತ್ತೆಯನ್ನು ನೋಡಿದೆ, ಕಣ್ಣು ಮುಚ್ಚಿಯೇ ಇತ್ತು. ಇಷ್ಟು ದಿನ ಆಸೆಪಟ್ಟು ಬಂದವರನ್ನು ಹೇಗೆ ಎಬ್ಬಿಸಲಿ? ಇನ್ನೊಂದು ಸ್ವಲ್ಪ ಹೊತ್ತು ನೋಡೋಣವೆಂದುಕೊಂಡೆ. ಆ ಸ್ವಲ್ಪ ಹೊತ್ತಿನಲ್ಲಿ ಮರಳು ಹೊಳೆಯತೊಡಗಿತು, ಗುಂಡಿಗಳು ಒಂದಕ್ಕೊಂದು ಸೇರಿದವು, ನೋಡುತ್ತಿದ್ದ ಹಾಗೆ ದಾರಿಯೇ ಇಲ್ಲವಾಯಿತು. ಅರ್ಚಕರು ನಮ್ಮೆದುರು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಗಂಟೆ ಕೇಳಿಸಲಿಲ್ವಾ?"

"ಕೇಳಿಸ್ತು," ಎಂದೆವು ಇಬ್ಬರೂ ಒಟ್ಟಿಗೆ.

ಕುಡಿದು ಮಲಗಿದವರನ್ನು ನೋಡಿದ್ದೇನೆ, ಹೊಸದಾಗಿ ಮದುವೆಯಾಗಿ ಕಿವಿ ಕೇಳಿಸದವರನ್ನು ನೋಡಿದ್ದೇನೆ, ಕೇಳಿಸಿಯೂ ಕೂತವರನ್ನು ನೋಡಿದ್ದು ಇದೇ ಮೊದಲು ಎಂದು ಅವರು ಗೊಣಗಿದರು. ನಾನು ಅತ್ತೆಯ ಕಡೆ ತಿರುಗಿದೆ. ಕಣ್ಣು ತೆರೆದು ನೋಡಿದರೆ ನೀನು ಕದಲದೆ ಕೂತಿದ್ದೆ, ನಿನಗೆ ಇನ್ನೂ ಕೂರಬೇಕೇನೋ ಎಂದು ಮತ್ತೆ ಮುಚ್ಚಿಕೊಂಡೆ ಎಂದರು ಅತ್ತೆ, ತೀರ ಮೆಲ್ಲಗೆ.

ನಾದಿನಿಗೆ ಫೋನು ಮಾಡಿದೆ. ಅವಳಾಗಲೇ ರೈಲು ಹತ್ತಿದ್ದಳು. ಹೊರಡುವ ಹಿಂದಿನ ದಿನ ಅಮ್ಮನನ್ನು ಸಮುದ್ರದ ನಡುವೆ ಕೂರಿಸಿಕೊಂಡಿದ್ದೀರಲ್ಲ ಎಂದು ಒಂದಷ್ಟು ಹೊತ್ತು ಕೂಗಾಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಅತ್ತಿಗೆ, ನಿಜ ಹೇಳಿ. ಬೇಕಂತಲೇ ಕೂತ್ರಾ?"

ಇಲ್ಲ ಎನ್ನಲು ಬಾಯಿ ತೆರೆದೆ. ನಾನು ಕೂತದ್ದು ಅತ್ತೆಯ ಪ್ರಾರ್ಥನೆಗೋ, ನೀರು ಏರಿ ದಾರಿ ಮುಚ್ಚಿಹೋಗಲಿ ಎಂದೋ? ಗಂಟೆ ಹೊಡೆಯುವಾಗ ನನ್ನೊಳಗೆ ಏನಿತ್ತು ಎಂದು ಹುಡುಕಿದರೆ ಗಂಟೆಯ ಸದ್ದು ಬಿಟ್ಟು ಬೇರೇನೂ ಸಿಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನು ಇಟ್ಟುಬಿಟ್ಟೆ.

ಸುಮ್ಮನೆ ಕೂರುವವರಿಗೆ ಇಲ್ಲಿ ಊಟವಿಲ್ಲ ಎಂದು ಅರ್ಚಕರು ಒಂದು ಬುಟ್ಟಿ ತರಕಾರಿ, ಎರಡು ಚಾಕು ತಂದು ನಮ್ಮ ಮುಂದಿಟ್ಟರು. ಒಳಗೆ ಅಕ್ಕಿ ತೊಳೆಯುತ್ತ, ಬಾಗಿಲಿನಿಂದಲೇ ಮಾತಿಗೆಳೆದರು. ಎಲ್ಲಿಯವರು, ಏನು ಕೆಲಸ ಎಂದೆಲ್ಲ ಕೇಳಿದ ಮೇಲೆ, ಇಬ್ಬರಲ್ಲಿ ಯಾರಿಗೆ ಇಲ್ಲಿಗೆ ಬರಬೇಕೆಂದಿತ್ತು, ಯಾರ ಹರಕೆ ಎಂದರು.

"ಇವರದ್ದು," ಎಂದೆ ನಾನು.

"ಇವಳದ್ದು," ಎಂದರು ಅತ್ತೆ.

ಅರ್ಚಕರು ಬಾಗಿಲಿಗೆ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಸರಿಹೋಯ್ತು. ಅಂದ್ರೆ ಯಾರದ್ದೂ ಅಲ್ಲ," ಎಂದು ಒಳಗೆ ಹೋದರು.

ನನ್ನ ಕೈಯ ಚಾಕು ನಿಂತಿತು. ಅಡುಗೆಮನೆಯಲ್ಲಿ ಆ ಚಿತ್ರವನ್ನೇ ನೋಡುತ್ತಿದ್ದಿರಲ್ಲ ಎಂದೆ. ನೋಡುತ್ತಿದ್ದೆ, ನೀನು ಹಾಳೆ ತಿರುಗಿಸಲಿಲ್ಲವಲ್ಲ, ಅದರಲ್ಲಿ ನಿನಗೆ ಏನು ಅಷ್ಟು ಇಷ್ಟವಾಗಿದೆ ಎಂದು ನೋಡುತ್ತಿದ್ದೆ ಎಂದರು. ನನಗೇನೂ ಇಷ್ಟವಿಲ್ಲ ಎಂದೆ. ನನಗೂ ಇಲ್ಲ, ಸಮುದ್ರ ಕಂಡರೆ ನನಗೆ ಮೊದಲಿನಿಂದಲೂ ತಲೆ ಸುತ್ತುತ್ತದೆ ಎಂದರು. ಬೆಳಿಗ್ಗೆಯಿಂದ ಅವರು ಎಷ್ಟು ಸಲ ಕಣ್ಣು ಮುಚ್ಚಿದ್ದರು ಎಂಬುದು ನನಗೆ ಆಗ ನೆನಪಾಯಿತು.

ನಗು ಬಂತು. ಅತ್ತೆಗೂ ಬಂತು. ಅರ್ಚಕರು ಒಳಗಿನಿಂದ ಇಣುಕಿ ನೋಡುವಷ್ಟು ನಕ್ಕೆವು. ನಗು ನಿಂತ ಮೇಲೆ ಅತ್ತೆ ಕೇಳಿದರು: "ಹಾಗಾದ್ರೆ ಆ ಹಾಳೆ ಯಾಕೆ ಬಿಟ್ಟೆ?"

ಪ್ರತಿ ತಿಂಗಳ ಮೊದಲ ದಿನ, ಚಹಾ ಲೋಟ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳಿಗೆ ಎಂಜಲು ಹಚ್ಚಿಕೊಂಡು, ಹಾಳೆ ತಿರುಗಿಸಿ, ಚಿತ್ರದ ಕೆಳಗೆ ಬರೆದದ್ದನ್ನು ವಾರ್ತೆ ಓದುವವರ ಹಾಗೆ ಓದುತ್ತಿದ್ದವನು ನನ್ನ ಗಂಡ. ಈ ಹಾಳೆಯನ್ನೂ ಹಾಗೆಯೇ ತಿರುಗಿಸಿದ. ಆ ತಿಂಗಳು ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

"ಅದು ಅವನು ತಿರುಗಿಸಿದ್ದು ಅತ್ತೆ."

"ಗೊತ್ತು," ಎಂದರು ಅತ್ತೆ. ಒಂದು ಬದನೆಕಾಯಿಯ ತೊಟ್ಟನ್ನು ಬಹಳ ಜಾಗ್ರತೆಯಿಂದ ಕತ್ತರಿಸಿದರು. "ಚಿತ್ರ ನಿನಗೆ ಇಷ್ಟ ಅಂತ ಅಂದ್ಕೊಂಡಿದ್ದೂ ನಿಜ. ಆದ್ರೆ ನಾನು ಮುಟ್ಟದೆ ಇದ್ದಿದ್ದು ಅದಕ್ಕಲ್ಲ."

ಆಗ ನನಗೆ ಒಂದು ಲೆಕ್ಕ ಹೊಳೆಯಿತು, ಹೊಳೆದದ್ದೇ ಎದೆ ಹಗುರಾಯಿತು. ಇಬ್ಬರಿಗೂ ಬೇಡವಾದ ಚಹಾ ಕುಡಿದೆವು, ಇಬ್ಬರಿಗೂ ಬೇಡವಾದ ದೇವಸ್ಥಾನಕ್ಕೆ ಬಂದೆವು. ಹಾಗಾದರೆ ನಾಳೆಯ ಪ್ರಯಾಣವೂ ಅಷ್ಟೇ ತಾನೇ? ನನಗೆ ಭಾರವಾಗಬಾರದೆಂದು ಅವರು ಹೊರಟಿದ್ದಾರೆ, ಅವರಿಗೆ ಮಗಳು ಬೇಕೆಂದು ನಾನು ಸುಮ್ಮನಿದ್ದೇನೆ. ಸಕ್ಕರೆ ಡಬ್ಬಿ ಕುಕ್ಕುವವನಿಲ್ಲ, ನಾನೇ ಕುಕ್ಕಬೇಕು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಕೈ ಹಿಡಿದು ನನಗೆ ಬೇಕಾದದ್ದನ್ನು ಹೇಳಿದೆ.

"ಅತ್ತೆ, ನೀವು ಹೋಗಬೇಡಿ. ನೀವು ಹೋಗೋದು ನನಗೆ ಇಷ್ಟ ಇಲ್ಲ."

ಅವರು ಕೈ ಬಿಡಿಸಿಕೊಂಡು ಮತ್ತೆ ಚಾಕು ಹಿಡಿದರು. ಆಮೇಲೆ, "ನನಗೆ ಹೋಗ್ಬೇಕು," ಎಂದರು.

ನಾನು ನಕ್ಕೆ. ಇದೂ ಅದೇ ಹಳೇ ರಾಗ ಎಂದು. ನನಗೆ ಭಾರ ಆಗ್ತೀನಿ ಅಂತ ತಾನೇ ನೀವು ಹಾಗೆ ಹೇಳೋದು, ನನ್ನ ಮನಸ್ಸು ನೋಡಿಕೊಂಡು ಮಾತಾಡಬೇಡಿ, ನಾದಿನಿಗೆ ಹೇಗೆ ಹೇಳೋದೆಂಬ ಚಿಂತೆ ಬಿಡಿ, ನಾನೇ ಹೇಳುತ್ತೇನೆ ಎಂದೆಲ್ಲ ಬಡಬಡಿಸಿದೆ. ಅತ್ತೆ ಚಾಕು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದಿತ್ತು. ನನ್ನ ಅತ್ತೆಗೆ ಸಿಟ್ಟು ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

"ನಾನು ಹೇಳಿದ್ದನ್ನ ಒಂದ್ಸಲ ಹೇಳಿದ ಹಾಗೇ ಕೇಳಿಸ್ಕೋ. ನನಗೆ ಹೋಗ್ಬೇಕು. ನಿನ್ನ ಮನೇಲಿ ನನಗೆ ಅಳೋಕೆ ಜಾಗ ಇಲ್ಲ."

ನಾನು ಕಕ್ಕಾಬಿಕ್ಕಿಯಾಗಿ ನೋಡಿದೆ.

"ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ. ನೀನು ಹೊರಗೆ ನಿಂತು, ಅತ್ತೆ, ಬಿಸಿನೀರು ಸಾಕಾಯ್ತಾ ಅಂತೀಯ. ನಾನು ಮುಖ ಒರೆಸ್ಕೊಂಡು ಬಂದು, ಸಾಕಾಯ್ತಮ್ಮ ಅಂತೀನಿ. ಒಂದು ವರ್ಷ ಆಯ್ತು. ನಾನು ಅತ್ರೆ ಇವಳು ಬಿದ್ದುಹೋಗ್ತಾಳೆ ಅಂತ ನಾನು, ತಾನು ಅತ್ರೆ ಅತ್ತೆ ಬಿದ್ದುಹೋಗ್ತಾರೆ ಅಂತ ನೀನು. ನನ್ನ ಮಗ ಕಣೇ ಅವನು. ಮಗಳ ಹತ್ರ ಆದ್ರೆ ಹಾಗಲ್ಲ. ಅವಳು ಬೈತಾಳೆ, ನಾನೂ ಬೈತೀನಿ, ಆಮೇಲೆ ಇಬ್ರೂ ಕೂತು ಅಳ್ತೀವಿ. ನನಗೆ ಅದು ಬೇಕು."

ಎದ್ದು ಬಂಡೆಗಳ ಕಡೆ ಹೋದೆ.

ಅಲ್ಲಿ ಕೂತು ನಾನು ಅತ್ತೆನೆಂದು ಯಾರಾದರೂ ತಿಳಿದರೆ ತಪ್ಪು. ನನಗೆ ಬಂದದ್ದು ಕೋಪ. ಒಂದು ವರ್ಷ ಹಲ್ಲು ಕಚ್ಚಿ, ಅವರೆದುರು ಒಂದು ಹನಿ ಉದುರಿಸದೆ, ಕಣ್ಣು ತುಂಬಿದಾಗಲೆಲ್ಲ ಹಾಸಿನ ಲೆಕ್ಕ ನೋಡುವ ನೆವದಲ್ಲಿ ಡ್ರೈಯರ್ ಕೋಣೆಗೆ ಹೋಗಿ, ಆ ಬಿಸಿಯಲ್ಲಿ, ಆ ಗದ್ದಲದಲ್ಲಿ ಅತ್ತು, ಮುಖ ಒಣಗಿದ ಮೇಲೆ ಹೊರಗೆ ಬರುತ್ತಿದ್ದೆ. ಅದೆಲ್ಲ ಯಾರಿಗಾಗಿ? ಉಪಕಾರ ಮಾಡಲು ಹೋಗಿ ಅವರ ಮಗನಿಗಾಗಿ ಅಳುವ ಜಾಗವನ್ನೇ ಅವರಿಂದ ಕಿತ್ತುಕೊಂಡಿದ್ದೆನಂತೆ. ಕೋಪದ ಹಿಂದೆಯೇ ನಾಚಿಕೆ ಬಂತು. ನಾಚಿಕೆಯ ಹಿಂದೆ ಮತ್ತೆ ಕೋಪ. ಅವರು ಹೇಳಿದ್ದು ನಿಜವೋ? ಅಥವಾ ನಾನು ಬೇಸರಪಡದೆ ತಮ್ಮನ್ನು ಕಳಿಸಿಕೊಡಲಿ ಎಂದು ಬೇಕೆಂದೇ ಕಠಿಣವಾದರೋ? ಅಷ್ಟು ದೂರ ಯೋಚಿಸುವ ಹೆಂಗಸೂ ಹೌದು ಅವರು. ಹೊರಗೂ ನೀರು, ತಲೆಯೊಳಗೂ ತಲೆಬುಡವಿಲ್ಲದ ಯೋಚನೆ. ಈ ಕಡೆಯೂ ದಡವಿಲ್ಲ, ಆ ಕಡೆಯೂ ಇಲ್ಲ.

ಅಷ್ಟರಲ್ಲಿ ಅರ್ಚಕರು ಒಂದು ಬಿಳಿ ವಸ್ತ್ರ ಹಿಡಿದು ಬಂದರು. ನಾನು ಏನು ಕೆಲಸ ಮಾಡುತ್ತೇನೆಂದು ಅವರಿಗೆ ಹೇಳಿದ್ದೆನಲ್ಲ. ದೀಪದೆಣ್ಣೆಯ ಕಲೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ ಎಂದರು. ಉಜ್ಜಿದ್ದೇ ತಪ್ಪು, ಉಜ್ಜಿದರೆ ಎಣ್ಣೆ ನೂಲಿನೊಳಗೆ ಇಳಿಯುತ್ತದೆ, ಮೊದಲು ಒಣ ಹಿಟ್ಟು ಉದುರಿಸಿ ಎಣ್ಣೆ ಹೀರಲು ಬಿಡಬೇಕು, ಆಮೇಲೆ ಸೋಪು, ಅದಾದ ಮೇಲೆ ಬಿಸಿನೀರು ಎಂದು ಕೆಲಸದವರಿಗೆ ಗದರಿಸುವ ದನಿಯಲ್ಲೇ ಗದರಿಸಿಬಿಟ್ಟೆ. ಅವರು ತಲೆಯಾಡಿಸಿದರು. ಬೇರೇನೂ ಕೇಳಲಿಲ್ಲ. ಅನ್ನ ಆಗಿದೆ, ನಿಮ್ಮತ್ತೆ ನೀವು ಬರೋ ತನಕ ಉಣ್ಣಲ್ಲ ಅಂತ ಕೂತಿದ್ದಾರೆ, ನನಗೂ ಹಸಿವು ಎಂದರು.

ಹೋಗಿ ನೋಡಿದರೆ ಅತ್ತೆ ಊಟ ಮಾಡುತ್ತಿದ್ದರು. ನನ್ನನ್ನು ಕಂಡು, "ತುಂಬ ಹಸಿವಾಗಿತ್ತು, ಕಾಯಲಿಲ್ಲ," ಎಂದರು. ಅರ್ಚಕರು ನನಗೆ ಸುಳ್ಳು ಹೇಳಿದ್ದರೋ, ಅತ್ತೆಯೇ ಆಮೇಲೆ ಮನಸ್ಸು ಬದಲಿಸಿದರೋ ತಿಳಿಯಲಿಲ್ಲ. ಅತ್ತೆ ನನಗಿಂತ ಮೊದಲು ಊಟಕ್ಕೆ ಕೂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅದು ನನಗೆ ಚುಚ್ಚಿತೋ ಸಮಾಧಾನವಾಯಿತೋ ಅದೂ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು ನಾನೂ ಉಂಡೆ. ಪಲ್ಯಕ್ಕೆ ಉಪ್ಪು ಕಡಿಮೆಯಿತ್ತು. ಉಪ್ಪು ಕಡಿಮೆ ಎಂದೆ. ಹೌದು, ಕಡಿಮೆ ಎಂದರು ಅತ್ತೆ.

ಮಧ್ಯಾಹ್ನ ಅತ್ತೆ ಗೋಡೆಗೊರಗಿ ನಿದ್ದೆ ಮಾಡಿದರು. ನಾನು ನೀರನ್ನು ನೋಡುತ್ತ ಕೂತೆ. ಬಿಸಿಲು ವಾಲಿದ ಮೇಲೆ ಬಂಡೆಗಳ ಬುಡ ಕಪ್ಪಗೆ ಹೊರಬಂತು, ಆಮೇಲೆ ದೂರದಲ್ಲಿ ಮರಳಿನ ಬೆನ್ನು ಒಂದು ಗೆರೆಯಾಗಿ ಕಂಡಿತು. ಇನ್ನೂ ಪಾದ ಮುಳುಗುವಷ್ಟು ನೀರಿದೆ, ಆದರೂ ಹೋಗಬಹುದು, ಕತ್ತಲಾಗುವ ಮೊದಲು ಹೊರಡಿ ಎಂದು ಅರ್ಚಕರು ನಮ್ಮನ್ನು ಹೊರಡಿಸಿದರು. ಇನ್ನೊಂದು ಸಲ ಬರಬೇಕಾದರೆ ಯಾರಿಗಾದರೂ ಒಬ್ಬರಿಗೆ ಬೇಕೆನಿಸಿದರೆ ಮಾತ್ರ ಬನ್ನಿ ಎಂದರು.

ಮೆಟ್ಟಿಲ ಕೆಳಗೆ, ನೀರಿನ ಅಂಚಿನಲ್ಲಿ ಅತ್ತೆ ನಿಂತರು. ನಾನು ನಿಲ್ಲಲಿಲ್ಲ, ಎರಡು ಹೆಜ್ಜೆ ಮುಂದೆ ಹೋದೆ.

"ಕೈ ಕೊಡು," ಎಂದರು ಹಿಂದಿನಿಂದ. "ನನಗೆ ಹೆದರಿಕೆ ಆಗ್ತಿದೆ."

ಕೊಟ್ಟೆ. ಗಟ್ಟಿಯಾಗಿ ಹಿಡಿದರು, ಉಗುರು ಊರುವಷ್ಟು ಗಟ್ಟಿಯಾಗಿ. ಮೆಲ್ಲಗೆ ಹೋಗು ಎಂದರು. ಈಗ ನಿಲ್ಲು ಎಂದರು. ನಡಿ ಎಂದರು. ನನಗೂ ಬಳಲಿಕೆಯಾದಲ್ಲಿ ನಿಲ್ಲಿ ಎಂದೆ. ಬೆಳಿಗ್ಗೆ ಹೋದದ್ದಕ್ಕಿಂತ ಬೇಗ ದಡ ಸೇರಿದೆವು.

ಬಸ್ಸು ಖಾಲಿಯಿತ್ತು. ಅತ್ತೆ ಕಿಟಕಿಯ ಪಕ್ಕ ಕೂರುವುದಿಲ್ಲ, ಸಮುದ್ರ ಕಾಣಿಸುತ್ತದೆ ಎಂದರು, ನಾನೇ ಅಲ್ಲಿ ಕೂತೆ. ಡ್ರೈವರ್ ಇನ್ನೂ ಹತ್ತಿರಲಿಲ್ಲ. ಬೆಳಿಗ್ಗೆಯಿಂದ ಕೇಳಬೇಕೆಂದಿದ್ದುದನ್ನು, ಉತ್ತರ ಗೊತ್ತಿದ್ದೂ ಕೇಳಿದೆ.

"ನಾಳೆ ಹೋಗ್ತೀರಾ?"

"ಹೋಗ್ತೀನಿ."

ಈ ಸಲ ನಾನು ನಗಲಿಲ್ಲ, ವಾದಿಸಲೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ತಿಳಿಯಿತು.

"ವಾಪಸ್ ಬರ್ತೀರಾ?"

ನಿನಗೆ ಹೇಗೆ ಬೇಕೋ ಹಾಗೆ ಎನ್ನುತ್ತಾರೆ, ಈಗ ಎನ್ನುತ್ತಾರೆ ಎಂದು ಕಾದೆ. ಅತ್ತೆ ಮುಂದಿನ ಸೀಟಿನ ಕಂಬಿ ಹಿಡಿದು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. ಅವರ ಹುಬ್ಬು ಗಂಟಿಕ್ಕಿದ್ದು ಕಾಣುತ್ತಿತ್ತು.

"ಗೊತ್ತಿಲ್ಲ ಕಣೆ," ಎಂದರು.

ನನಗೆ ಅಳು ಬಂತು. ಹಾಸಿನ ಲೆಕ್ಕ ನೋಡಲು ಅಲ್ಲಿ ಯಾವ ಕೋಣೆಯೂ ಇರಲಿಲ್ಲ. ಮುಖ ತಿರುಗಿಸಲು ಇದ್ದದ್ದು ಕಿಟಕಿ ಒಂದೇ, ತಿರುಗಿಸಲಿಲ್ಲ. ಅತ್ತೆಯ ಎದುರಿಗೇ, ಮೂಗು ಬಾಯಿ ಎಲ್ಲ ಒಂದಾಗುವ ಹಾಗೆ, ಸದ್ದು ಮಾಡಿಕೊಂಡು ಅತ್ತುಬಿಟ್ಟೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಅಳಬೇಡ ಎನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಮಗನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು ಒಂದು ಸಲ ಕರೆದು, ಅವರೂ ಅತ್ತರು.

ಡ್ರೈವರ್ ಹತ್ತಿದವನು ಹಿಂದೆ ತಿರುಗಿ ನೋಡಿ, ಹೊರಡಲಾ, ಸ್ವಲ್ಪ ಹೊತ್ತು ನಿಲ್ಲಿಸಲಾ ಎಂದು ಕೇಳಿದ. ಸ್ವಲ್ಪ ನಿಲ್ಲಿಸಪ್ಪ ಎಂದರು ಅತ್ತೆ, ನನ್ನ ಕಡೆ ನೋಡದೆಯೇ.